ತಣ್ಣಗಾದ ಮಫ್ಲರ್

ಬಳ್ಳಾರಿಯಲ್ಲಿ ಹಿಮ ಬೀಳತೊಡಗಿ ಹನ್ನೊಂದು ವರ್ಷವಾಗಿತ್ತು. ಆ ಚಳಿಗೆ ಬೆಚ್ಚಗಿರುತ್ತಿದ್ದುದು ಕೈಯಲ್ಲಿ ಹೆಣೆದ ಉಲ್ಲನ್ ಒಂದೇ, ಅದೂ ಹೆಣೆದವರು ಬದುಕಿರುವ ತನಕ ಮಾತ್ರ. ಹಾಗಾಗಿ ನಿವೃತ್ತ ಟೀಚರುಗಳಾದ ಸುಲೋಚನಾ, ಹಂಪಮ್ಮ, ನೂರ್‌ಜಹಾನ್ ಪ್ರತಿ ಮಂಗಳವಾರ ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಟೋಪಿ, ಮಫ್ಲರ್ ಹೆಣೆಯುತ್ತಿದ್ದರು.

ಆ ಮಂಗಳವಾರ ಹಂಪಮ್ಮ ಮಾತಿನ ನಡುವೆ ತಟ್ಟನೆ ಕುತ್ತಿಗೆ ಮುಟ್ಟಿಕೊಂಡಳು.

"ಸುಲೋಚನಾ, ನೀನು ಕೊಟ್ಟ ಮಫ್ಲರ್ ತಣ್ಣಗಾಗೈತೆ ನೋಡೇ!"

ನೂರ್‌ಜಹಾನ್ ಮುಟ್ಟಿ ನೋಡಿದಳು. ಮಂಜುಗಡ್ಡೆಯಂತಿತ್ತು. ಇಬ್ಬರೂ ಬೆಚ್ಚಿ ಸುಲೋಚನಾಳತ್ತ ತಿರುಗಿದರು. ಆಕೆ ಎದುರಿಗೇ ಉಸಿರಾಡುತ್ತ ಕೂತಿದ್ದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಅದು ನಾನು ಹೆಣೆದಿದ್ದಲ್ಲ," ಎಂದಳು. "ನನ್ನ ಬೆರಳು ಸೆಟೆದು ಎರಡು ವರ್ಷ ಆತು. ನಿಮ್ಮ ಮುಂದೆ ಸುಮ್ನೆ ಕಡ್ಡಿ ಆಡಿಸ್ತಿದ್ದೆ. ಹೇಳಾಕೆ ನಾಚಿಕೆಯಾಗಿ, ಗದಗಿನಾಗಿರೋ ತಂಗಿ ಇಂದುಮತಿ ಕೈಲಿ ಹೆಣಿಸಿ ತರಿಸ್ತಿದ್ದೆ."

ನೂರ್‌ಜಹಾನ್ ಫೋನ್ ಎತ್ತಿಕೊಟ್ಟಳು. ಸುಲೋಚನಾ ಅದನ್ನು ಹಿಡಿದುಕೊಂಡಳೇ ಹೊರತು ನಂಬರ್ ಒತ್ತಲಿಲ್ಲ.

"ಬೆಳಿಗ್ಗೆ ಅವಳೇ ಫೋನ್ ಮಾಡಿದ್ಲು. ಎದೆ ಯಾಕೋ ಬಿಗಿದಂಗೆ ಆಗೈತಕ್ಕಾ, ಸ್ವಲ್ಪ ಮಲಕ್ಕಂತೀನಿ ಅಂದ್ಲು. ಕೈಲಿರೋ ಟೋಪಿ ಮುಗಿಸಿ ಮಲಕ್ಕೊ ಅಂತ ನಾನೇ ಅಂದೆ."