ಇನ್ನೂರಾ ಒಂದನೆಯ ಲಿಂಕ್

ಗೂಗಲ್‌ನಲ್ಲಿ ಹುಡುಕಿದರೆ ನನ್ನ ಹೊಲಿಗೆ ತರಗತಿಯ ವೆಬ್‌ಸೈಟು ಮೂರನೆಯದಾಗಿ ಸಿಗುತ್ತಿತ್ತು. ಮೊದಲನೆಯದಾಗಲಿ ಎಂಬ ಆಸೆಗೆ ಬಿದ್ದು, ಬೇರೆ ಸೈಟುಗಳಲ್ಲಿ ಲಿಂಕ್ ಹೆಚ್ಚಿದಷ್ಟೂ ಗೂಗಲ್ ಮೇಲಕ್ಕೇರಿಸುತ್ತದೆ ಎಂದ ಏಜೆಂಟನೊಬ್ಬನಿಗೆ ದುಡ್ಡು ಕೊಟ್ಟು ಕಂಡವರ ಸೈಟುಗಳಲ್ಲೆಲ್ಲ ನನ್ನ ಸೈಟಿನ ಇನ್ನೂರು ಲಿಂಕ್ ಹಾಕಿಸಿದೆ. ತಿಂಗಳೊಳಗೆ ಹತ್ತನೆಯ ಪುಟಕ್ಕೆ ಬಿದ್ದೆ. ಹೊಸ ಬ್ಯಾಚಿಗೆ ಒಬ್ಬಳೂ ಸೇರಲಿಲ್ಲ.

ಏಜೆಂಟನಿಗೆ ಫೋನ್ ಮಾಡಿದೆ.

"ದುಡ್ಡು ಕೊಟ್ಟು ಹಾಕ್ಸಿದ್ದು ಗೂಗಲ್‌ಗೆ ಗೊತ್ತಾಗ್ಬಿಟ್ಟಿದೆ ಮೇಡಂ, ಅದಕ್ಕೇ ಕೆಳಗೆ ತಳ್ಳಿದೆ. ಎಲ್ಲಾ ತೆಗೆಸ್ಬಿಡಿ."

"ಹಾಕ್ಸಿ ಅಂದೋನೂ ನೀನೇ, ತೆಗೆಸಿ ಅನ್ನೋನೂ ನೀನೇ!"

ನನ್ನ ಸೈಟಿಗೆ ಎಲ್ಲೆಲ್ಲಿಂದ ಲಿಂಕ್ ಇದೆಯೋ ಎಲ್ಲವನ್ನೂ ಹುಡುಕಿ ಪಟ್ಟಿ ಕಳಿಸಿದ. ಎಣಿಸಿದೆ.

"ಇದ್ರಲ್ಲಿ ಇನ್ನೂರಾ ಒಂದಿದೆಯಲ್ಲಪ್ಪ?"

"ಅದೊಂದು ಫ್ರೀ ಅಂದ್ಕೊಳ್ಳಿ ಮೇಡಂ."

"ನಿನ್ನ ಫ್ರೀಗಿಷ್ಟು ಬೆಂಕಿ ಹಾಕ!"

ಅದೇ ಸಿಟ್ಟಿನಲ್ಲಿ ಪಟ್ಟಿಯಲ್ಲಿದ್ದ ಎಲ್ಲರಿಗೂ ಒಂದೇ ಮೇಲ್ ಕಳಿಸಿದೆ: "ನೀವು ಹಣ ಪಡೆದು ಹಾಕಿರುವ ನನ್ನ ಲಿಂಕನ್ನು ಕೂಡಲೇ ಅಳಿಸಿ."

ಮೂರು ದಿನ ಒಬ್ಬರೂ ಉತ್ತರಿಸಲಿಲ್ಲ. ನಾಲ್ಕನೆಯ ದಿನ ಒಂದೇ ಒಂದು ಮೇಲ್ ಬಂತು.

"ಮಿಸ್, ನಾನು ಫರ್ಜಾನಾ, ನಿಮ್ಮ ಮೊದಲನೇ ಬ್ಯಾಚಿನವಳು. ಈಗ ನನ್ನದೇ ಬೊಟಿಕ್ ಇದೆ. ಅದರ ಸೈಟಿನಲ್ಲಿ 'ನನಗೆ ಕತ್ತರಿ ಹಿಡಿಯಲು ಕಲಿಸಿದವರು' ಎಂದು ಬರೆದು ನಿಮ್ಮ ಲಿಂಕ್ ಹಾಕಿಕೊಂಡಿದ್ದೆ. ನನಗೆ ಯಾರೂ ಹಣ ಕೊಟ್ಟಿರಲಿಲ್ಲ. ನೀವು ಹೇಳಿದ ಮೇಲೆ ಅಳಿಸಿದ್ದೇನೆ."