ಕಮಲಾಪುರಕ್ಕೆ ಬೀಳುವ ಮುಳ್ಳು

"ಸೀಟ ಎತ್ತು, ಶಹಬಾಜ್. ಟ್ಯಾಂಕಿನಿಂದ ಮೀಟರ್ ತನಕಾ ಒಂದೊಂದು ಗೇಣೂ ನೋಡು. ಈ ಪೆಟ್ರೋಲ್ ಮೀಟರಿನ ವೈರಿಗಿ ಯಾರೋ ಕೈ ಹಚ್ಚ್ಯಾರ."

ಗಂಡ ಅಣವೀರಪ್ಪ ಹೀಗೆಂದಾಗ ಶಿವಕಾಂತಮ್ಮ ಗ್ಯಾರೇಜಿನ ಮೂಲೆಯ ಸ್ಟೂಲಿನ ಮೇಲೆ ಕೂತಲ್ಲೇ ಸೆರಗು ಬಿಗಿ ಮಾಡಿಕೊಂಡಳು.

"ಇಲಿ ಕಡದಿರಬೇಕ್ರಿ ಕಾಕಾ," ಎಂದ ಮೆಕ್ಯಾನಿಕ್ ಶಹಬಾಜ್. ತಲೆ ಮಾತ್ರ ಎತ್ತಲಿಲ್ಲ.

"ಇರಬಹುದು. ನಾಕ ಕಾಲಿನ ಇಲಿನೋ, ಎರಡು ಕಾಲಿಂದೋ, ನೋಡಬೇಕಲ್ಲ?"

ಅವನು ತನ್ನತ್ತ ನೋಡಿಯೇ ಅಂದನೆ? ಶಿವಕಾಂತಮ್ಮನಿಗೆ ಖಾತ್ರಿಯಾಗಲಿಲ್ಲ.

ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಜೀಪು ಅದು. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ಡ್ರೈವರಾಗಿದ್ದ ಅಣವೀರಪ್ಪ ನಿವೃತ್ತನಾದ ವರ್ಷವೇ ಅದನ್ನು ಗಾಜಿಪುರ ಬಡಾವಣೆಯ ಮನೆಗೆ ತಂದಿದ್ದ. ರಿಪೇರಿಯೆಲ್ಲ ಸ್ವಂತ ಕೈಯದೇ. ಈಚೆಗೆ ಮೊಣಕಾಲು ಬಗ್ಗದೆ ಹೋದದ್ದರಿಂದ ಸ್ಟೇಶನ್ ಬಜಾರಿನ ಈ ಗ್ಯಾರೇಜಿಗೆ ಬಂದಿದ್ದ. ಅವನದೊಂದು ಫೌಜಿ ಚಾಳಿಯಿತ್ತು. ಯಾವ ವೈರು ಬಿಚ್ಚಿದರೂ ತುದಿಗೆ ಟೇಪು ಸುತ್ತಿ, ಬಟ್ಟೆಯ ಚೀಟಿ ಕಟ್ಟಿ, ತಾರೀಖು ಮತ್ತು ಕಾರಣ ಬರೆಯುತ್ತಿದ್ದ. ಮನೆಯ ಕೆಟ್ಟ ಮಿಕ್ಸರಿಗೂ ಅಂಥದೊಂದು ಚೀಟಿ ನೇತಾಡುತ್ತಿತ್ತು.

ಮಾತೂ ಹಾಗೆಯೇ, ಒಮ್ಮೆ ಆಡಿದರೆ ಮುಗಿಯಿತು. ಮಗಳು ಪ್ರೀತಿ, ಕಮಲಾಪುರದ ಬೌದ್ಧರ ಮನೆಯ ಮಾಸ್ತರ ಪ್ರಬುದ್ಧನನ್ನು ಮದುವೆಯಾದ ದಿನ ಅವನು ಹತ್ತು ಮಂದಿಯ ಎದುರು ಗುಡುಗಿದ್ದ: "ಇನ್ನ ಮ್ಯಾಲೆ ನನ್ನ ಗಾಡಿ ಕಮಲಾಪುರದಾಗ ನಿಂದರಂಗಿಲ್ಲ. ಎಣ್ಣಿ ತೀರಿದ್ರ ಮಾತ್ರ ನಿಂದರ್ತದ."

ಎಣ್ಣೆ ತೀರಲು ಬಿಡುವ ಡ್ರೈವರೇ ಅವನಲ್ಲ. ಅಮಾವಾಸ್ಯೆಗೊಮ್ಮೆ ಗಂಡಹೆಂಡತಿ ಹುಮನಾಬಾದಿನ ವೀರಭದ್ರೇಶ್ವರನ ದರ್ಶನಕ್ಕೆ ಹೋಗುವುದು ವಾಡಿಕೆ. ದಾರಿಯಲ್ಲೇ ಕಮಲಾಪುರ. ಮೂರು ವರ್ಷ ಜೀಪು ಮಗಳ ಓಣಿಯ ಬಾಯಿ ದಾಟುವಾಗ ವೇಗ ಕೂಡ ತಗ್ಗಿಸಲಿಲ್ಲ. ಕದ್ದು ಬಸ್ಸು ಹತ್ತುವಷ್ಟು ಧೈರ್ಯ ಶಿವಕಾಂತಮ್ಮನಿಗಿರಲಿಲ್ಲ. ಆದರೆ ಮೊಮ್ಮಗಳು ಅಂಜನಾ ಹುಟ್ಟಿದ ಸುದ್ದಿ ಬಂದ ಮೇಲೆ ಅವಳಿಂದ ತಡೆಯಲಾಗಲಿಲ್ಲ.

2023ರ ಆಗಸ್ಟ್ ಹದಿನಾಲ್ಕು. ಅಣವೀರಪ್ಪ ಮರುದಿನದ ಧ್ವಜಾರೋಹಣದ ತಾಲೀಮಿಗೆ ಹೋಗಿದ್ದ. ಅವಳು ಶಹಬಾಜನನ್ನು ಮನೆಗೆ ಕರೆಸಿದಳು. ಅವನು ಪೆಟ್ರೋಲ್ ಮೀಟರಿನ ವೈರನ್ನು ನಡುವೆ ಕತ್ತರಿಸಿ, ಅವಳ ಸೀಟಿನ ಕೆಳಗೊಂದು ಗುಂಡಿ ಕೂರಿಸಿದ. "ಹಿಮ್ಮಡಿಲೆ ಒತ್ತರಿ ಅಮ್ಮಾ. ಕರೆಂಟ್ ಕಟ್ ಆಗ್ತದ, ಮುಳ್ಳು ಸಾವಕಾಶ ಸೊನ್ನಿಗಿ ಬೀಳ್ತದ."

ಎರಡು ದಿನಕ್ಕೆ ಅಮಾವಾಸ್ಯೆ. ಕಮಲಾಪುರದ ಬೋರ್ಡು ಕಂಡೊಡನೆ ಅವಳು ಮೊದಲ ಸಲ ಒತ್ತಿದಳು. ಅವಳ ಕಡೆಯಿಂದ ಮೀಟರಿನ ಗಾಜಿನ ಮೇಲೆ ಬಿಸಿಲಷ್ಟೇ ಕಾಣುತ್ತಿತ್ತು. ಗಂಡನ ಮುಖವನ್ನೇ ನೋಡುತ್ತ ಕೂತಳು.

"ಥೂ ಇದರ! ಮುಳ್ಳು ಬಿತ್ತಲ್ಲ!" ಎಂದು ಬೈದುಕೊಂಡು ಅಣವೀರಪ್ಪ ಪಂಪಿಗೆ ಜೀಪು ತಿರುಗಿಸಿದ. "ಇಂಜಿನ್ ಆರೂತನಾ ಎಣ್ಣಿ ಹಾಕಬಾರದು. ಅರ್ಧ ತಾಸು ಬೇಕು."

"ಹಂಗಾದ್ರ ನಾ ಕೆಂಪು ಬಾಳೆಹಣ್ಣು ತರ್ತೀನ್ರಿ."

ಆಮೇಲೆ ಪ್ರತಿ ಅಮಾವಾಸ್ಯೆಯೂ ಇದೇ ನಡೆಯಿತು. ಹಣ್ಣಿನ ಗಾಡಿ ಪಂಪಿನ ಎದುರಿಗೇ ನಿಂತಿರುತ್ತಿತ್ತು. ಅವಳು ಅದನ್ನು ದಾಟಿ ಓಣಿ ಹೊಕ್ಕು, ಮೊಮ್ಮಗಳನ್ನು ಎದೆಗವಚಿಕೊಂಡು, ಅರ್ಧ ತಾಸಿಗೆ ಸರಿಯಾಗಿ ಹಣ್ಣಿನ ಚೀಲ ಹಿಡಿದು ಓಡಿಬರುತ್ತಿದ್ದಳು. ಒಂದು ಡಜನ್ ಹಣ್ಣಿಗೆ ಇಷ್ಟು ಹೊತ್ತೇಕೆ ಎಂದು ಗಂಡ ಒಮ್ಮೆಯೂ ಕೇಳಲಿಲ್ಲ. ಒಂದು ಅಮಾವಾಸ್ಯೆ ತೂಕಡಿಕೆಯಲ್ಲಿ ಗುಂಡಿ ಒತ್ತುವುದನ್ನೇ ಮರೆತಳು. ಅಂದೂ ಜೀಪು ಪಂಪಿಗೆ ತಿರುಗಿತು. ವೀರಭದ್ರೇಶ್ವರನೇ ಕಣ್ಣು ತೆರೆದು ಎಣ್ಣೆ ತೀರಿಸಿದನೆಂದು ಕೈ ಮುಗಿದಳು.

ಈ ವಾರ ಮುಳ್ಳು ನಿಜಕ್ಕೂ ಸತ್ತುಹೋಯಿತು. ಅಣವೀರಪ್ಪ ಹೊಸ ವೈರು ಎಳೆಸಲು ಹೊರಟ. ಗುಂಡಿ ಅವನ ಕಣ್ಣಿಗೆ ಬಿದ್ದರೆ ಅರ್ಧ ತಾಸೂ ಹೋಯಿತು, ಮೊಮ್ಮಗಳ ಮುಖವೂ ಹೋಯಿತು.

ಶಹಬಾಜ್ ಡ್ರೈವರ್ ಸೀಟು ಎತ್ತಿ, ಟ್ಯಾಂಕಿನಿಂದ ವೈರು ಹಿಡಿದು ಸರಿಯುತ್ತ ಬಂದ. ಅವಳ ಸೀಟಿನ ಹತ್ತಿರ ಅವನ ಕೈ ನಿಂತಿತು.

"ಯಾಕ ನಿಂತಿ?" ಅಣವೀರಪ್ಪ ಕೈಬ್ಯಾಟರಿಯ ಬೆಳಕು ಬಿಟ್ಟ.

"ಈ ಸೀಟಿನ ಬೋಲ್ಟು ಜಂಗು ಹಿಡದದ್ರಿ."

ಅಣವೀರಪ್ಪ ಇಬ್ಬರನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಬ್ಯಾಟರಿ ಆರಿಸಿ, ಮೊಣಕಾಲು ಹಿಡಿದು ಎದ್ದ. "ನಾ ಚಾ ಕುಡದು ಬರ್ತೀನಿ. ಅರ್ಧ ತಾಸು ಆಗ್ತದ."

ಅವನು ರಸ್ತೆ ದಾಟುವುದೇ ತಡ, ಶಿವಕಾಂತಮ್ಮ ಜೀಪಿನತ್ತ ಧಾವಿಸಿದಳು. "ಲಗೂ ತಗಿಯಪಾ ಆ ಗುಂಡಿ! ಅವರು ಬರೂದ್ರಾಗ ತಗದು ಒಗಿ!"

ಶಹಬಾಜ್ ಸೀಟು ಎತ್ತಿದ. ಗುಂಡಿಯ ವೈರು ಹಿಡಿದೆಳೆದು ನೋಡಿದ.

"ಅಮ್ಮಾ, ಇದಕ್ಕ ಕರೆಂಟೇ ಇಲ್ಲರಿ. ನಾ ಕತ್ತರಿಸಿದ ವೈರು ಯಾರೋ ತಿರುಗಿ ಜೋಡಿಸ್ಯಾರ. ಸೀದಾ ಮೀಟರಿಗಿ ಹೋಗ್ಯದ. ಆಚಿ ಕಡಿ ಇಲಿ ಕಡದದ, ಅಷ್ಟೇ."

ಗುಂಡಿಯಿಂದ ಹೊರಟ ಎರಡು ವೈರುಗಳು ಯಾವುದಕ್ಕೂ ಸೇರದೆ ಬಿದ್ದಿದ್ದವು. ತುದಿಗೆ ನೀಟಾಗಿ ಟೇಪು ಸುತ್ತಿತ್ತು. ಅದರಿಂದ ಧೂಳು ಹಿಡಿದ ಬಟ್ಟೆಯ ಚೀಟಿಯೊಂದು ನೇತಾಡುತ್ತಿತ್ತು. ಶಿವಕಾಂತಮ್ಮ ಚೀಟಿಯನ್ನು ಸೆರಗಿನಿಂದ ಒರೆಸಿ, ಕನ್ನಡಕ ಏರಿಸಿಕೊಂಡು ಓದಿದಳು.

"15-8-2023. ಗಾಡಿ ಸುಳ್ಳು ಹೇಳಬಾರದು. ನಾ ಹೇಳ್ತೀನಿ."