ಪುಣ್ಯವಂತರ ಚಂದ್ರ

ಯುಗಾದಿಯ ಮರುದಿನ ಸಂಜೆ ಮನೆಮಂದಿಯೆಲ್ಲ ಚಂದ್ರನನ್ನು ನೋಡಲು ಹೊಸ ಮನೆಯ ತಾರಸಿ ಹತ್ತಿದ್ದರು. ಹಳೆ ಮನೆಯಲ್ಲಿ ಅವನು ಕಾಣುತ್ತಿದ್ದದ್ದು ತೆಂಗಿನ ಮರದ ಮೇಲೆ. ಇಲ್ಲೂ ಒಂದು ತೆಂಗಿನ ಮರವಿತ್ತು. ಅತ್ತೆ ಅದರತ್ತ ಕೈಮುಗಿದು ಗಲ್ಲ ಬಡಿದುಕೊಂಡರು.

"ಅಗೋ, ನೂಲಿನೆಳೆ ಥರ ಇದಾನೆ. ಪುಣ್ಯ ಮಾಡಿದೋರಿಗೆ ಮಾತ್ರ ಕಾಣೋದು."

"ಕಂಡ ಕಣಮ್ಮ," ಎಂದ ಮಗ.

"ನಂಗೂ ಕಂಡ," ಎಂದಳು ಮಗಳು.

"ನಂಗೇನೂ ಕಾಣ್ತಿಲ್ಲ ಅತ್ತೆ," ಎಂದಳು ಸೊಸೆ.

"ಹೇಗೆ ಕಾಣುತ್ತೆ? ನಿಮ್ಮಪ್ಪನ ಮನೇಲಿ ಯಾರಾದ್ರೂ ತಲೆ ಎತ್ತಿ ಆಕಾಶ ನೋಡಿದ್ರೆ ತಾನೆ."

ಮಗಳು ಕಿಸಕ್ಕನೆ ನಕ್ಕಳು.

"ಹೋಗ್ಲಿ, ಬಂದು ನನ್ನ ಕಾಲಿಗೆ ಬೀಳು. ಅಷ್ಟಾದ್ರೂ ಪುಣ್ಯ ಬರ್ಲಿ."

ಸೊಸೆ ಅತ್ತೆಯ ಎದುರಿಗೆ ಬಂದು ಬಾಗಿ ನಮಸ್ಕರಿಸಿದಳು. ಎದ್ದವಳು ಅವರ ಹೆಗಲಾಚೆ ನೋಡುತ್ತ ಕೈಮುಗಿದೇ ನಿಂತಳು.

"ಈ ಮನೇಲಿ ತೆಂಗಿನ ಮರ ಪೂರ್ವಕ್ಕಿದೆ ಅತ್ತೆ. ಚಂದ್ರ ನಿಮ್ಮ ಬೆನ್ನ ಹಿಂದಿದಾನೆ."